ಹಳೆಯ ಡಿಫೆಂಡರ್‌ನಲ್ಲಿ ಕೂಲೆಂಟ್ ಸೋರಿಕೆ

1994ರಲ್ಲಿ ಬಂದ 300 ಟಿಡಿಐ ಡೀಸೆಲ್ ಎಂಜಿನ್ನಿನ ಲ್ಯಾಂಡ್ ರೋವರ್ ಡಿಫೆಂಡರ್‌ಗಳಿಗೆ ಈಗ ವಯಸ್ಸಾಗಿದೆ. ಅವುಗಳಲ್ಲಿ ಕೂಲೆಂಟ್ ಪದೇ ಪದೇ ಕಡಿಮೆಯಾಗುತ್ತಿದ್ದರೆ ಸೋರಿಕೆ ಹೊರಗಿರಬೇಕು, ಇಲ್ಲವೇ ಎಂಜಿನ್ನಿನ ಒಳಗಿರಬೇಕು.

ಮೊದಲು ಹೊರಭಾಗ ನೋಡಬೇಕು. ಹೋಸ್ ಕ್ಲಿಪ್ಪುಗಳ ಸುತ್ತ, ರೇಡಿಯೇಟರ್ ಅಂಚಿನಲ್ಲಿ, ವಾಟರ್ ಪಂಪಿನ ಕೆಳಗೆ ಒಣಗಿದ ಬಿಳಿ ಕಲೆ ಕಂಡರೆ ದ್ರವ ಅಲ್ಲಿಂದಲೇ ಹೋಗುತ್ತಿದೆ. ಈ ಎಂಜಿನ್ನಿನಲ್ಲಿ ವಾಟರ್ ಪಂಪನ್ನು ಹೊತ್ತ ಬ್ರಾಕೆಟ್ ಮತ್ತು ಬ್ಲಾಕ್ ನಡುವಿನ 'ಪಿ ಗ್ಯಾಸ್ಕೆಟ್' ಸೋರುವುದು ಸಾಮಾನ್ಯ. ಥರ್ಮೋಸ್ಟಾಟ್ ಮೇಲಿನ ಪ್ಲಾಸ್ಟಿಕ್ ಪ್ಲಗ್ ಕೂಡ ಬಿಸಿಗೆ ಪೆಡಸಾಗಿ ಬಿರುಕು ಬಿಡುತ್ತದೆ. ಅದರ ಬದಲು ಹಿತ್ತಾಳೆಯದನ್ನು ಹಾಕುವುದು ಲೇಸು. ಕಾಲಿನ ಬಳಿ ನೆಲ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರಿನದ್ದೇ ಸೋರಿಕೆ.

ಕಣ್ಣಿಗೆ ಏನೂ ಕಾಣದಿದ್ದರೆ ತಣ್ಣಗಿರುವ ಎಂಜಿನ್ನಿಗೆ ಪ್ರೆಶರ್ ಟೆಸ್ಟರ್ ಜೋಡಿಸಿ, ಮುಚ್ಚಳದ ಮೇಲೆ ನಮೂದಿಸಿದಷ್ಟೇ ಒತ್ತಡ ಕೊಡಬೇಕು. ಹೊರಗೆ ಹನಿಯೂ ಬೀಳದೆ ಮುಳ್ಳು ಇಳಿದರೆ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಹಾಲು ಬೆರೆಸಿದಂತಾದ ಆಯಿಲ್, ಕೂಲೆಂಟ್ ಟ್ಯಾಂಕಿನಲ್ಲಿ ಸತತವಾಗಿ ಏಳುವ ಗುಳ್ಳೆ ಇದರ ಗುರುತುಗಳು. ಈ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂ. ಅತಿಯಾಗಿ ಕಾದರೆ ಸೊಟ್ಟಗಾಗುತ್ತದೆ. ಆದ್ದರಿಂದ ಕಾರಣ ಪತ್ತೆಯಾಗುವವರೆಗೆ ಬರೀ ನೀರು ತುಂಬಿಸುತ್ತ ಗಾಡಿ ಓಡಿಸಬಾರದು. ಬಿಸಿಯಿರುವಾಗ ಮುಚ್ಚಳವನ್ನಂತೂ ತೆರೆಯಲೇಬಾರದು.