ಸೆನ್ಸರ್ ಮೇಲೆ ಹೊರಿಸಿದ ಅಪವಾದ

ಅಂಗೈಯಗಲದ ಬ್ಲೂಟೂತ್ ಸ್ಕ್ಯಾನರ್ ಕೈಗೆ ಬಂದ ಮೇಲೆ ನಾನು ಮೆಕ್ಯಾನಿಕ್‌ಗಳ ಬಗ್ಗೆ ಹಗುರವಾಗಿ ಮಾತಾಡತೊಡಗಿದ್ದೆ. ಹಾಗಾಗಿ ಒಂದು ಮಳೆಗಾಲದಲ್ಲಿ ನನ್ನ ಹಳೇ ಪೆಟ್ರೋಲ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಾಗ ಆತಂಕಕ್ಕಿಂತ ಖುಷಿಯೇ ಹೆಚ್ಚಾಯಿತು.

ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದೆ. ಫೋನಿನಲ್ಲಿ ಕೋಡ್ ಬಂತು: ಪಿ0171. ಮಿಶ್ರಣ ಲೀನ್, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಈ ದೂರು ಹೊರಡುವುದು ಹೊಗೆ ಪೈಪಿನಲ್ಲಿ ಕೂತಿರುವ ಆಕ್ಸಿಜನ್ ಸೆನ್ಸರಿನಿಂದ. ಗಾಳಿ ಹೆಚ್ಚಿದ್ದರೆ ಅದು 0.1 ವೋಲ್ಟಿನ ಆಸುಪಾಸು, ಪೆಟ್ರೋಲ್ ಹೆಚ್ಚಿದ್ದರೆ 0.9ರ ಆಸುಪಾಸು ತೋರಿಸುತ್ತದೆ. ಎಲ್ಲ ಸರಿಯಿದ್ದರೆ ಎರಡರ ನಡುವೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ನನ್ನದು 0.1ರಲ್ಲೇ ಪಟ್ಟು ಹಿಡಿದು ಕೂತಿತ್ತು. ಸೆನ್ಸರ್ ಸತ್ತಿದೆ ಎಂದು ತೀರ್ಪು ಕೊಟ್ಟುಬಿಟ್ಟೆ.

“ಗ್ಯಾರೇಜಿಗೆ ಬಿಡಲಿಲ್ವೇ?” ಎಂದು ಪಕ್ಕದ ಮನೆ ರಾಯರು ಕಾಂಪೌಂಡಿನ ಮೇಲಿಂದ ಇಣುಕಿದರು.

“ಇಷ್ಟಕ್ಕೆಲ್ಲ ಗ್ಯಾರೇಜ್ ಯಾಕೆ ರಾಯರೇ?” ಎಂದೆ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹೊಸ ಸೆನ್ಸರ್ ತಂದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಆಚೆ ಇನ್ನೊಂದು ಸೆನ್ಸರ್ ಇರುತ್ತದೆ. ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಎಂದು ನೋಡುವುದೇ ಅದರ ಮುಖ್ಯ ಕೆಲಸ, ಈ ದೂರಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಜೋಡಿ ಅಲ್ಲವೇ, ಇರಲಿ ಎಂದು ಅದನ್ನೂ ಕೊಂಡೆ. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಹಳೆಯವನ್ನು 22 ಎಂ.ಎಂ. ಸ್ಪ್ಯಾನರಿನಲ್ಲಿ ಬಿಚ್ಚುವಷ್ಟರಲ್ಲಿ ಹೆಬ್ಬೆರಳು ಸುಟ್ಟಿತು. ಕೋಡ್ ಅಳಿಸಿದೆ, ದೀಪ ಆರಿತು. ರಾಯರನ್ನು ನಾನಾಗಿಯೇ ಕರೆದು ಕೂರಿಸಿಕೊಂಡು ಮಾರ್ಕೆಟ್ಟಿಗೆ ಕರೆದೊಯ್ಯುತ್ತಿದ್ದ ದಿನ ದೀಪ ಮತ್ತೆ ಹೊತ್ತಿತು. ರಾಯರು ದೊಡ್ಡ ಮನುಷ್ಯರು, ಕಿಟಕಿಯ ಆಚೆ ನೋಡತೊಡಗಿದರು. ಬೈದಿದ್ದರೂ ವಾಸಿಯಿತ್ತು.

ಗ್ಯಾರೇಜಿನ ಹುಡುಗನ ಹತ್ತಿರ ಸ್ಕ್ಯಾನರ್ ಇರಲಿಲ್ಲ. ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಇಂಟೇಕ್ ಮ್ಯಾನಿಫೋಲ್ಡಿನ ಸುತ್ತ ಆಡಿಸಿದ. “ಇಲ್ಲಿ ಗಾಳಿ ಎಳೀತಿದೆ ಸಾರ್.” ವ್ಯಾಕ್ಯೂಮ್ ಹೋಸಿನ ಅಡಿಭಾಗದಲ್ಲಿ ಹಲ್ಲಿನ ಗುರುತು. “ಇಲಿ ಸಾರ್. ಮಳೇಲಿ ಬೆಚ್ಚಗಿರುತ್ತೆ ಅಂತ ಬಾನೆಟ್ ಒಳಗೆ ಸೇರ್ಕೊಳ್ತವೆ.” ನಾನು ಹಳೇ ಸೆನ್ಸರ್‌ಗಳನ್ನು ತೋರಿಸಿದೆ. ತಿರುಗಿಸಿ ನೋಡಿ, “ಇವನ್ಯಾಕೆ ಬಿಚ್ಚಿದ್ರಿ? ಸರಿಯಾಗೇ ಹೇಳ್ತಿದ್ವಲ್ಲ” ಎಂದ.

ಕಳ್ಳ ಬಂದ ಎಂದು ಕೂಗಿದವನನ್ನೇ ಹಿಡಿದು ಕಂಬಕ್ಕೆ ಕಟ್ಟಿದ್ದೆ. ಇಲಿಯ ಸುಳಿವೂ ನನ್ನ ಫೋನಿನಲ್ಲೇ ಇತ್ತು. ಕಾರು ನಿಂತಲ್ಲೇ ಓಡುವಾಗ ಫ್ಯೂಯೆಲ್ ಟ್ರಿಮ್, ಅಂದರೆ ಮಿಶ್ರಣ ಸರಿದೂಗಿಸಲು ಎಂಜಿನ್ ಕಂಪ್ಯೂಟರ್ ಮಾಡುವ ಪೆಟ್ರೋಲಿನ ಹೊಂದಾಣಿಕೆ, ಶೇ. 22 ಹೆಚ್ಚು; ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂಗೆ ಏರಿಸಿದರೆ ಹೆಚ್ಚುಕಮ್ಮಿ ಮಾಮೂಲು. ಎಂಜಿನ್ ಹೆಚ್ಚು ಗಾಳಿ ಎಳೆಯುವಾಗ ತೂತಿನಿಂದ ನುಗ್ಗುವ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಸೋರಿಕೆಯ ಲಕ್ಷಣವೇ ಅದು. ಆ ಅಂಕಿಗಳನ್ನು ನೋಡಿಯೂ ಬೆರಳಲ್ಲಿ ಸರಿಸಿದ್ದೆ. ನನಗೆ ಬೇಕಿದ್ದದ್ದು ಕಾರಣವಲ್ಲ, ಅಂಗಡಿಯಲ್ಲಿ ಸಿಗುವಂಥ ಅಪರಾಧಿ.

ಅದಕ್ಕೂ ಮುಂಚೆ ಹೆಂಡತಿ, “ಸಿಗ್ನಲ್ಲಿನಲ್ಲಿ ನಿಂತಾಗ ಏನೋ ಬುಸ್ ಅನ್ನುತ್ತೆ ಕಣ್ರೀ” ಎಂದಿದ್ದಳು. “ನಿನ್ನ ಕಿವೀನ ತೋರಿಸ್ಕೋ” ಎಂದಿದ್ದೆ. ಸೆನ್ಸರ್ ವಿಷಯದಲ್ಲಿ ಮಾಡಿದ್ದೂ ಅದನ್ನೇ ಎಂದು ಹೊಳೆದದ್ದು ಗ್ಯಾರೇಜಿನಿಂದ ವಾಪಸಾಗುವ ದಾರಿಯಲ್ಲಿ. ಹೋಸಿನ ವಿಷಯ ಅವಳಿಗೆ ಹೇಳಿದ್ದೇನೆ. ಸೆನ್ಸರ್‌ಗೆ ಎಷ್ಟಾಯಿತು ಎಂದು ಇನ್ನೂ ಕೇಳಿಲ್ಲ; ಕೇಳಿದರೆ ಒಂದರದ್ದು ಹೇಳುವುದೋ ಎರಡರದ್ದೋ, ತೀರ್ಮಾನವಾಗಿಲ್ಲ.