ಗಡ್ಡ ಮತ್ತು ಗಡಸು ನೀರು

ಕಳೆದ ತಿಂಗಳು ಮಗಳ ಮನೆಗೆ ಹೋಗಿದ್ದೆ. ಬೆಳಗ್ಗೆ ಬಚ್ಚಲುಮನೆಯಿಂದ ಹೊರಬಂದ ಮೊಮ್ಮಗ ಕನ್ನಡಿಯ ಮುಂದೆ ನಿಂತು ಕತ್ತನ್ನು ಸವರಿಕೊಳ್ಳುತ್ತಿದ್ದ. ಕತ್ತಿನ ತುಂಬ ಕೆಂಪು ಗುಳ್ಳೆಗಳು. ಎರಡು ಕಡೆ ರಕ್ತ ಜಿನುಗುತ್ತಿತ್ತು. "ಉರಿ ತಾತ, ಬೆಂಕಿ ಇಟ್ಟ ಹಾಗಿದೆ" ಎಂದ. ಕೈಯಲ್ಲಿ ಐದು ಅಲಗುಗಳ ಹೊಸ ರೇಜರು. ಹತ್ತೊಂಬತ್ತರ ಆ ಮುಖವನ್ನು ಕಂಡಾಗ ನನ್ನದೇ ಹಳೆಯ ಭಾವಚಿತ್ರ ನೋಡಿದಂತಾಯಿತು. ನಮ್ಮ ವಂಶದಲ್ಲಿ ಆಸ್ತಿಪಾಸ್ತಿ ಹೆಚ್ಚೇನೂ ಕೈಯಿಂದ ಕೈಗೆ ಬರಲಿಲ್ಲ. ಗಡ್ಡ ಮಾತ್ರ ತಪ್ಪದೆ ಬಂದಿದೆ.

ಅವನಿಗೆ ಅಂದು ಉಪಯೋಗಕ್ಕೆ ಬರುವ ನಾಲ್ಕು ಮಾತು ಹೇಳಿದೆ. ಹೇಳದೆ ಉಳಿದ ಇನ್ನೊಂದು ಮಾತಿದೆ. ಅದನ್ನು ಕೇಳಬೇಕಾದವರು ಅವನಲ್ಲ, ನನ್ನ ಹಳೆಯ ವಿದ್ಯಾರ್ಥಿಗಳಾದ ನೀವು. ಅದಕ್ಕಾಗಿ ಈ ಬರಹ.

ನನ್ನದು ಅಪ್ಪನ ಗಡ್ಡ, ಅಮ್ಮನ ಚರ್ಮ. ಅಪ್ಪನ ಗಡ್ಡವೆಂದರೆ ಕೊಯ್ಲಾದ ರಾಗಿ ಹೊಲದ ಕೂಳೆ. ಆ ಹೊಲದಲ್ಲಿ ಬರಿಗಾಲಲ್ಲಿ ನಡೆದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಅಮ್ಮನ ಚರ್ಮವೋ, ಒರಟು ಬಟ್ಟೆ ತಾಗಿದರೂ ಕೆಂಪಾಗುವಂಥದು. ಈ ಎರಡನ್ನೂ ಒಂದೇ ಮುಖದಲ್ಲಿ ಕೂಡಿಸಿದ ದೇವರು ಬಹುಶಃ ಆ ದಿನ ಅವಸರದಲ್ಲಿದ್ದ.

1971ರಲ್ಲಿ ತಿಪಟೂರು ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ನಾನು ವಿಜ್ಞಾನದ ಮೇಷ್ಟ್ರಾಗಿ ಬಂದೆ. ಉಪಾಧ್ಯಾಯರು ದಿನವೂ ಗಡ್ಡ ತೆಗೆದು ಬರಬೇಕೆಂಬುದು ಮುಖ್ಯೋಪಾಧ್ಯಾಯರ ಕಟ್ಟುನಿಟ್ಟು. ಸಂಬಳ ಅಷ್ಟಕ್ಕಷ್ಟೆ. ಆದ್ದರಿಂದ ಒಂದು ಬ್ಲೇಡು ಹದಿನೈದು ದಿನ ಬಾಳಬೇಕು. ಮೊಂಡಾದಾಗ ಗಾಜಿನ ಲೋಟದ ಒಳಮೈಗೆ ಬೆರಳಿನಿಂದ ಒತ್ತಿ ಅತ್ತಿತ್ತ ತಿಕ್ಕಿದರೆ ಹರಿತ ಬರುತ್ತದೆಂಬ ನಂಬಿಕೆ ಆಗ ಎಲ್ಲರಲ್ಲೂ ಇತ್ತು. ಅದೂ ಮುಗಿದ ಮೇಲೆ ಬ್ಲೇಡನ್ನು ಎರಡು ಹೋಳು ಮಾಡಿ ಪೆನ್ಸಿಲ್ ಚೂಪು ಮಾಡಲು ಇಟ್ಟುಕೊಳ್ಳುವುದು. ನಿಮ್ಮ ಕಂಪಾಸ್ ಪೆಟ್ಟಿಗೆಗಳಲ್ಲಿ ಕಾಗದ ಸುತ್ತಿದ ಅಂಥ ಹೋಳುಗಳಿರುತ್ತಿದ್ದುದು ನೆನಪಿದೆಯೆ? ಅಮೆರಿಕದಲ್ಲಿ ಕಿಂಗ್ ಜಿಲೆಟ್ ಎಂಬಾತ ಬಳಸಿ ಬಿಸಾಡುವ ಬ್ಲೇಡನ್ನು 1903ರಲ್ಲಿ ಮಾರಾಟಕ್ಕೆ ತಂದಾಗ, ಮೊದಲ ವರ್ಷ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಬಿಸಾಡುವ ಬ್ಲೇಡನ್ನು ಬಿಸಾಡದೆ ಬಳಸುವ ವಿದ್ಯೆಯನ್ನು ಮಾತ್ರ ನಾವೇ ಕಂಡುಹಿಡಿದೆವೆಂದು ತೋರುತ್ತದೆ.

ಬೆಳಗಿನ ನನ್ನ ಕ್ಷೌರವೆಂದರೆ ಒಂದು ಸಣ್ಣ ಯುದ್ಧ. ಬಾವಿಯಿಂದ ಸೇದಿದ ತಣ್ಣೀರು. ಎಷ್ಟು ತಿಕ್ಕಿದರೂ ನೊರೆ ಏಳದ ಸೋಪು. ಮೊಂಡು ಬ್ಲೇಡು. ಕೂದಲು ಬಾರದಿದ್ದರೆ ಇನ್ನಷ್ಟು ಒತ್ತುವುದು, ಕೆಳಗಿನಿಂದ ಮೇಲಕ್ಕೆ ಎಳೆಯುವುದು. ಗದ್ದದ ಮೇಲೆ ರಕ್ತ ನಿಲ್ಲಲೆಂದು ಅಂಟಿಸಿಕೊಂಡ ಕಾಗದದ ಚೂರುಗಳೊಂದಿಗೇ ಎಷ್ಟೋ ದಿನ ಶಾಲೆಗೆ ಬಂದಿದ್ದೇನೆ. ಬಹಳ ವರ್ಷಗಳ ಮೇಲೆ ನಿಮ್ಮ ತಂಡದವರೊಬ್ಬರು ನಗುತ್ತ ಹೇಳಿದರು: "ನಿಮ್ಮ ಗದ್ದದ ಮೇಲಿನ ಪೇಪರ್ ಎಣಿಸಿ ಆ ದಿನ ಏಟು ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕ್ತಿದ್ವಿ ಸಾರ್." ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ರಾತ್ರಿ ನಿದ್ರೆ ಬರಲಿಲ್ಲ.

1979ರ ಮಳೆಗಾಲದ ಒಂದು ಸೋಮವಾರ. ಭಾನುವಾರ ಗಡ್ಡಕ್ಕೆ ರಜೆ ಕೊಡುತ್ತಿದ್ದುದರಿಂದ ಸೋಮವಾರದ ಕ್ಷೌರ ಯಾವಾಗಲೂ ಘೋರ. ಕತ್ತಿನ ಸುತ್ತ ಉರಿಯುತ್ತಿತ್ತು, ಬೆವರು ಇಳಿದು ಇನ್ನಷ್ಟು ಚುರುಗುಟ್ಟುತ್ತಿತ್ತು. ಒಂಬತ್ತನೆಯ ತರಗತಿಗೆ ಮೊದಲ ಪೀರಿಯಡ್ಡು. ಪಾಠ, ಗಡಸು ನೀರು. 'ಗಡಸು ನೀರು ಸಾಬೂನಿನೊಡನೆ ಸುಲಭವಾಗಿ ನೊರೆ ಕೊಡುವುದಿಲ್ಲ' ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಒಬ್ಬ ಹುಡುಗ ತಡವಾಗಿ ಬಾಗಿಲಲ್ಲಿ ನಿಂತ. ಅಂಗಿಯ ತೋಳಿನ ಮೇಲೆ ಕತ್ತರಿಸಿದ ಕೂದಲ ಚೂರುಗಳು. ಅವನು ಊರಿನ ಕ್ಷೌರಿಕರ ಮಗ.

"ಎಲ್ಲಿದ್ದೆಯೋ ಇಷ್ಟು ಹೊತ್ತು?"

"ಅಪ್ಪನ್ ಜೊತೆ ಹೋಗಿದ್ದೆ ಸಾ..."

ಯಾರೋ ಕಿಸಕ್ಕನೆ ನಕ್ಕರು. ನಾನು ಮುಂದೇನೂ ಕೇಳಲಿಲ್ಲ. ಕೈ ಚಾಚಿಸಿ ನಾಲ್ಕು ಏಟು ಕೊಟ್ಟೆ. ನಸುಕಿನಿಂದ ಅಪ್ಪನ ಹಡಪ ಹೊತ್ತು ಮನೆಮನೆ ತಿರುಗಿ, ನೀರಿನ ಬಟ್ಟಲು ಹಿಡಿದು ನಿಂತು, ಅಲ್ಲಿಂದ ಓಡಿ ಬಂದಿದ್ದ ಕೈ ಅದು. ಬೆರಳುಗಳು ಇನ್ನೂ ತೇವವಾಗಿದ್ದವು. ಆ ವರ್ಷದ ಕೊನೆಗೆ ಅವನು ಶಾಲೆ ಬಿಟ್ಟ. ನನ್ನ ಬೆತ್ತದಿಂದಲೇ ಬಿಟ್ಟನೆಂದು ಹೇಳಲಾರೆ. ಅಲ್ಲವೆಂದೂ ಹೇಳಲಾರೆ.

1993ರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತೂ ನಿಂತಿತು. ಅವರನ್ನು ನನ್ನ ಮನೆಗೇ ಕರೆತಂದೆ. ರಕ್ತ ಹೆಪ್ಪುಗಟ್ಟದಿರಲೆಂದು ಡಾಕ್ಟರು ಮಾತ್ರೆ ಬರೆದುಕೊಟ್ಟು, ಗಾಯವಾದರೆ ಬೇಗ ರಕ್ತ ನಿಲ್ಲುವುದಿಲ್ಲವೆಂದು ಎಚ್ಚರಿಸಿದ್ದರು. ವಾರದ ಗಡ್ಡ ಬೆಳೆದು ಅಪ್ಪ ಚಡಪಡಿಸುತ್ತಿದ್ದರು. ನಾನೇ ರೇಜರು ಹಿಡಿದೆ. ನನಗೆ ನಾನು ಮಾಡಿಕೊಳ್ಳುತ್ತಿದ್ದ ಕ್ರಮವೊಂದೇ ನನಗೆ ಗೊತ್ತಿದ್ದುದು. ಗಡ್ಡ ಮೊದಲಿನಂತೆಯೇ ಕೂಳೆ. ಆದರೆ ಅದರ ಕೆಳಗಿನ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ದವಡೆಯ ಬಳಿ ಕೊಯ್ದುಬಿಟ್ಟೆ. ಚೌಕವೆಲ್ಲ ಕೆಂಪಾಯಿತು. ಮಾತಿಲ್ಲದ ಅಪ್ಪ ಎಡಗೈಯಿಂದ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು. ಸಣ್ಣಂದಿನಲ್ಲಿ ಅವರು ನನ್ನ ಕೈ ಹಿಡಿದದ್ದುಂಟು, ಹೀಗೆ ಹೆದರಿ ಹಿಡಿದದ್ದು ಇದೇ ಮೊದಲು.

ಮರುದಿನ ಊರಿನ ಕ್ಷೌರಿಕರಿಗೆ ಹೇಳಿಕಳಿಸಿದೆ. ಅದೇ ಹುಡುಗನ ತಂದೆ. ಆಗಲೇ ಅರವತ್ತು ದಾಟಿತ್ತು. ಬಂದವರು ಮಂಚದ ಪಕ್ಕ ಕೂತು, ಅಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ನಾನು ಕೊಟ್ಟ ನೀರಿನಲ್ಲಿ ಬ್ರಶ್ಶು ಅದ್ದಿ ಸೋಪಿನ ಮೇಲೆ ತಿರುಗಿಸಿ ತಲೆಯಾಡಿಸಿದರು.

"ಈ ಸವಳು ನೀರಲ್ಲಿ ನೊರೆ ನಿಲ್ಲಲ್ಲ ಮೇಷ್ಟ್ರೇ. ಮಳೆ ನೀರು ಹಿಡಿದಿದ್ರೆ ಕೊಡಿ. ಇಲ್ಲಾಂದ್ರೆ ಚೆನ್ನಾಗಿ ಕುದಿಸಿ, ತಳ ಕಲಕದಂಗೆ ಮೇಲಿಂದ ಬಗ್ಗಿಸ್ಕೊಡಿ."

ನಾನು ನಿಂತಲ್ಲೇ ನಿಂತೆ. ಇಪ್ಪತ್ತೆರಡು ವರ್ಷ ಅದೇ ಪಾಠ ಮಾಡಿದ್ದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಕೂಡಿ ನೊರೆಯ ಬದಲು ಬಿಳಿಯ ಮಡ್ಡಿಯಾಗುತ್ತವೆ. ಬೈಕಾರ್ಬೋನೇಟುಗಳಿಂದಾದ ಗಡಸುತನ ತಾತ್ಕಾಲಿಕ, ಕುದಿಸಿದರೆ ಅವು ಕಾರ್ಬೋನೇಟಾಗಿ ತಳಕ್ಕಿಳಿಯುತ್ತವೆ. ನಮ್ಮ ಬಾವಿಯದು ಬೇಳೆ ಬೇಯದ ನೀರೆಂದು ಮನೆಯಲ್ಲಿ ದಿನವೂ ಕೇಳುತ್ತಿದ್ದೆ. ಬಚ್ಚಲ ಹಂಡೆಯ ಒಳಗೆ ಬಿಳಿಯ ಹಕ್ಕಳೆ ಕಟ್ಟಿದ್ದನ್ನು ನೋಡುತ್ತಿದ್ದೆ. ಆದರೂ ಆ ಪಾಠ ಬೋರ್ಡಿನಿಂದ ಇಳಿದು ನನ್ನ ಮುಖದವರೆಗೆ ಬಂದಿರಲಿಲ್ಲ.

ಅನಂತರ ಅವರು ಚೌಕವನ್ನು ಬಿಸಿನೀರಿನಲ್ಲಿ ಹಿಂಡಿ, ಬಿಸಿಯನ್ನು ತಮ್ಮ ಮೊಣಕೈಗೆ ತಾಗಿಸಿ ನೋಡಿ, ಅಪ್ಪನ ಗಡ್ಡದ ಮೇಲೆ ಹೊದಿಸಿದರು. ನಾನು ಅವಸರಪಟ್ಟಾಗ ಹೇಳಿದರು: "ನೆನೀಲಿ ಇರಿ. ತೆಂಗಿನ ಮಟ್ಟೆ ನೆನೆಹಾಕ್ದೆ ನಾರು ಬಿಡಿಸೋಕಾಗ್ತದಾ?" ಕೊಬ್ಬರಿಯ ಸೀಮೆಯಲ್ಲಿ ಈ ಮಾತಿಗೆ ಎದುರಿಲ್ಲ. ಒಣಗಿದ ಕೂದಲು ಬಿರುಸು. ಬೆಚ್ಚನೆಯ ನೀರಿನಲ್ಲಿ ಎರಡು ಮೂರು ನಿಮಿಷ ನೆನೆದರೆ ನೀರು ಹೀರಿ ಊದಿಕೊಂಡು ಮೆದುವಾಗುತ್ತದೆ, ಕತ್ತರಿಸಲು ಅಷ್ಟು ಬಲ ಬೇಕಾಗುವುದಿಲ್ಲ. ಬಲ ಬೇಡವಾದರೆ ಚರ್ಮಕ್ಕೆ ಪೆಟ್ಟಿಲ್ಲ.

ಆಮೇಲೆ ಕಣ್ಣು ಮುಚ್ಚಿ ಬೆರಳಿನ ಹಿಂಬದಿಯಿಂದ ಕೆನ್ನೆ, ಗದ್ದ, ಕತ್ತು ಸವರಿದರು. "ಗಡ್ಡಕ್ಕೂ ಒಂದು ಓಟ ಇರ್ತದೆ. ಕೆನ್ನೇಲಿ ಕೆಳಮುಖ, ಕತ್ತಿಗೆ ಬಂದ್ರೆ ಅಡ್ಡಡ್ಡ. ಅದು ಹೋದ ಕಡೆ ನಾವೂ ಹೋಗ್ಬೇಕು." ಓಟಕ್ಕೆ ಎದುರಾಗಿ, ಚರ್ಮವನ್ನು ಬಿಗಿಯಾಗಿ ಎಳೆದು ಕತ್ತರಿಸಿದರೆ ಕೂದಲಿನ ತುದಿ ಚರ್ಮದ ಒಳಗೆ ಸರಿದುಬಿಡುತ್ತದೆ. ಒರಟಾದ, ಸುರುಳಿ ಸ್ವಭಾವದ ಕೂದಲಾದರೆ ಹೊರಬರುವ ದಾರಿ ತಪ್ಪಿ ಒಳಗೇ ಚುಚ್ಚಿಕೊಂಡು ಗುಳ್ಳೆಯಾಗುತ್ತದೆ. ಹೆಚ್ಚು ಅಲಗುಗಳ ರೇಜರಿನಲ್ಲಿ ಮೊದಲನೆಯ ಅಲಗು ಕೂದಲನ್ನು ಎಳೆದು, ಹಿಂದಿನವು ಇನ್ನಷ್ಟು ಬುಡಕ್ಕೆ ಕತ್ತರಿಸುವುದರಿಂದ ನಮ್ಮಂಥವರಿಗೆ ಈ ತೊಂದರೆ ಇನ್ನೂ ಹೆಚ್ಚಬಹುದು. ಮೊಮ್ಮಗನ ಕತ್ತಿನಲ್ಲಿ ಆಗಿದ್ದುದು ಅದೇ.

ಕೊನೆಗೆ ಕತ್ತಿಗೆ ನನ್ನೆದುರೇ ಹೊಸ ಬ್ಲೇಡಿನ ಅರ್ಧ ಹೋಳು ಸಿಕ್ಕಿಸಿ ಕೆಲಸ ಶುರುಮಾಡಿದರು. ಬಿದ್ದುಹೋದ ಬಲಗೆನ್ನೆಯನ್ನು ಎರಡು ಬೆರಳುಗಳಿಂದ ಹದವಾಗಿ ಮೇಲೆತ್ತಿ ಹಿಡಿದು, ಚಿಕ್ಕ ಚಿಕ್ಕದಾಗಿ ಕತ್ತಿ ಆಡಿಸಿದರು. ಕತ್ತಿ ಕೆನ್ನೆಗೆ ತಾಗಿತೋ ಇಲ್ಲವೋ ಎನ್ನುವಂತಿತ್ತು. "ಕೈ ಅದುಮ್ಬೇಡಿ ಮೇಷ್ಟ್ರೇ. ಕತ್ತಿ ತೂಕ ಕತ್ತಿಗೇ ಬಿಡಿ. ಬರ್ಲಿಲ್ಲ ಅಂದ್ರೆ ತಪ್ಪು ಗಡ್ಡದ್ದಲ್ಲ, ನೆನೆದಿಲ್ಲ ಅಂತ." ಒಂದು ಹನಿ ರಕ್ತ ಬರಲಿಲ್ಲ. ಕಡೆಯಲ್ಲಿ ತಣ್ಣೀರಿನಿಂದ ಒರೆಸಿ, ಒದ್ದೆ ಮಾಡಿದ ಪಟಿಕವನ್ನು ಮೆಲ್ಲಗೆ ಆಡಿಸಿದರು.

ಅಪ್ಪ ಎಡಗೈ ಎತ್ತಿ ಆ ಹಿರಿಯರ ಮೊಣಕೈ ಮುಟ್ಟಿದರು. ಒಂದು ಕಾಲದಲ್ಲಿ ಅಂಗಳದಲ್ಲಿ ಕೂತು ಕ್ಷೌರ ಮಾಡಿಸಿಕೊಂಡು, ತಲೆಯ ಮೇಲೆ ನೀರು ಸುರಿದುಕೊಳ್ಳದೆ ಒಳಗೆ ಕಾಲಿಡದಿದ್ದವರು ಅವರು. ಅಂದು ಸ್ನಾನದ ಮಾತನ್ನು ಯಾರೂ ಎತ್ತಲಿಲ್ಲ.

ಅವರು ವಾರಕ್ಕೆರಡು ಸಲ ಬರುತ್ತಿದ್ದರು. ತಿಂಗಳ ನಂತರ "ಇನ್ನು ನೀವೇ ಮಾಡಿ, ನಾ ನೋಡ್ತೀನಿ" ಎಂದು ನನ್ನ ಕೈಗೆ ರೇಜರು ಕೊಡಿಸಿದರು. ನಲವತ್ತೈದರ ಮೇಷ್ಟ್ರು ಮಂಚದ ಪಕ್ಕ ವಿದ್ಯಾರ್ಥಿಯಾದ. ನನ್ನ ಕೈ ಬಿರುಸಾದಾಗಲೆಲ್ಲ ಅವರು ಗದರಲಿಲ್ಲ. "ನಿಧಾನ" ಎಂದಷ್ಟೇ ಹೇಳಿದರು. ಇನ್ನೊಬ್ಬರ ಮುಖದ ಮೇಲೆ ಕಲಿತ ಆ ಮೃದುತ್ವ ಬರಬರುತ್ತ ನನ್ನ ಮುಖಕ್ಕೂ ಬಂತು. ಉರಿ ಹೋಯಿತು, ಗುಳ್ಳೆ ಹೋದವು. ನಿಜ ಹೇಳಬೇಕೆಂದರೆ ಬೆತ್ತವೂ ಆ ವರ್ಷವೇ ಕೈಬಿಟ್ಟಿತು. 1993ರ ನಂತರ ಓದಿದವರಿಗೆ ನಾನು ಹೊಡೆಯದ ಮೇಷ್ಟ್ರು. ಅದಕ್ಕೆ ಮುಂಚಿನವರಿಗೆ ಈ ವ್ಯತ್ಯಾಸದ ಕಾರಣ ತಿಳಿದಿರಲಿಕ್ಕಿಲ್ಲ.

1994ರಲ್ಲಿ ಅಪ್ಪ ತೀರಿಕೊಂಡರು. ಕರ್ಮಕ್ಕೆ ಕೂರುವ ಮೊದಲು ನನ್ನ ತಲೆ, ಮೀಸೆ ತೆಗೆದವರೂ ಅವರೇ. ಕೆರೆಯ ಏರಿಯ ಕೆಳಗೆ ಇಬ್ಬರೇ ಇದ್ದೆವು. ತಲೆಗೆ ನೀರು ತಟ್ಟುತ್ತಿದ್ದಾಗ, ಹದಿನೈದು ವರ್ಷ ಗಂಟಲಲ್ಲಿದ್ದ ಮಾತು ಹೊರಬಂತು. "ನಿಮ್ಮ ಮಗನನ್ನು ಒಂದು ದಿನ ಹೊಡೆದಿದ್ದೆ. ತಪ್ಪಿಲ್ಲದೆ."

ಅವರ ಕೈ ಒಂದು ಕ್ಷಣ ನಿಂತಿತು.

"ಗೊತ್ತು ಸ್ವಾಮಿ. ತಲೆ ಬಗ್ಗಿಸಿ" ಎಂದರು. ಕತ್ತಿ ಎಂದಿನಷ್ಟೇ ಹಗುರವಾಗಿ ಓಡಿತು.

ಆ ಹಿರಿಯರು ಈಗ ಇಲ್ಲ. 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಕೂದಲು ಓರೆಯಾಗಿ ಬಾಗಿ ಅಲಗಿನ ದುರ್ಬಲ ಜಾಗಕ್ಕೆ ತಾಗಿದರೆ ಉಕ್ಕಿನ ಅಂಚಿನಿಂದಲೇ ಚೂರು ಎಗರುತ್ತದೆಯಂತೆ. ಅದನ್ನು ಓದಿದಾಗ ಅವರಿಗೆ ಹೇಳಬೇಕೆನ್ನಿಸಿತು. ಅವರಿಗೆ ಆಶ್ಚರ್ಯವಾಗುತ್ತಿರಲಿಲ್ಲ.

ಮೊಮ್ಮಗನಿಗೆ ಹೇಳಿದ್ದನ್ನೇ, ಒರಟು ಗಡ್ಡ ಸೂಕ್ಷ್ಮ ಚರ್ಮದ ನಿಮಗೂ ನಿಮ್ಮ ಮಕ್ಕಳಿಗೂ ಹೇಳುತ್ತೇನೆ. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಳ್ಳಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಒಂದು ಚೊಂಬು ನೀರನ್ನು ಕುದಿಸಿ ತಿಳಿಮಾಡಿ ಇಟ್ಟುಕೊಳ್ಳಿ. ನೊರೆ ಹಚ್ಚಿ ಎರಡು ನಿಮಿಷ ಕಾಯಿರಿ. ಕೂದಲಿನ ಓಟವನ್ನು ಬೆರಳಿನಿಂದ ತಿಳಿದುಕೊಂಡು ಅದರ ಜೊತೆಗೇ ಹೋಗಿ. ಬ್ಲೇಡನ್ನು ಐದರಿಂದ ಏಳು ಸಲಕ್ಕೆ ಬದಲಿಸಿರೆಂದು ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಹೇಳುತ್ತದೆ. ಗಾಜಿನ ಲೋಟದ ಪ್ರಯೋಗ ಬೇಡ. ಒಬ್ಬರ ಬ್ಲೇಡನ್ನು ಇನ್ನೊಬ್ಬರು ಮುಟ್ಟಬೇಡಿ. ಗುಳ್ಳೆಗಳು ಕೀವಾದರೆ ವಾರಗಟ್ಟಲೆ ಕಾಯದೆ ಚರ್ಮದ ಡಾಕ್ಟರಿಗೆ ತೋರಿಸಿ, ಅಷ್ಟು ದಿನ ಗಡ್ಡ ಬೆಳೆಯಲಿ ಬಿಡಿ. ಎಲ್ಲಕ್ಕಿಂತ ಮುಖ್ಯ, ಒತ್ತಬೇಡಿ.

ಆ ಹುಡುಗನಿಗೆ ಈಗ ಅರವತ್ತರ ಹತ್ತಿರ. ಬೆಂಗಳೂರಿನಲ್ಲೆಲ್ಲೋ ಅಂಗಡಿ ಇಟ್ಟಿದ್ದಾನೆಂದು ಕೇಳಿದ್ದೇನೆ. ನಿಮ್ಮಲ್ಲಿ ಅವನ ತರಗತಿಯವರು ಯಾರಾದರೂ ವಿಳಾಸ ಬಲ್ಲವರಿದ್ದರೆ ನನಗೆ ತಿಳಿಸಿ. ಒಂದು ಬೆಳಗ್ಗೆ ಹೋಗಿ ಅವನ ಕುರ್ಚಿಯಲ್ಲಿ ಕೂರಬೇಕೆಂದಿದ್ದೇನೆ. ಅವನು ನೊರೆ ಹಚ್ಚುವ ಮೊದಲೇ, ಅವನ ತಂದೆಗೆ ಹೇಳಿದ್ದನ್ನು ಅವನಿಗೂ ಹೇಳಬೇಕಾಗಿದೆ.