ಬಸ್ತಿಹಳ್ಳಿಗೂ ಒಮ್ಮೆ ಬನ್ನಿ

ಬೇಸಿಗೆ ರಜೆಗೆಂದು ಮೊಮ್ಮಗಳು ಬೆಂಗಳೂರಿನಿಂದ ಅರಸೀಕೆರೆಗೆ ಬಂದಿದ್ದಳು. ಎಂಟನೇ ತರಗತಿಗೆ ಹೋಗುವ ಹುಡುಗಿ. ರಜೆಯಲ್ಲೂ ಮಕ್ಕಳನ್ನು ಸುಮ್ಮನಿರಲು ಬಿಡುವುದಿಲ್ಲವಲ್ಲ, ಶಾಲೆಯವರು ಒಂದು ಪ್ರಾಜೆಕ್ಟ್ ಕೊಟ್ಟು ಕಳಿಸಿದ್ದರು. ರಜೆ ಕಳೆಯುವ ಊರಿನ ಸುತ್ತಮುತ್ತ ಪ್ರವಾಸಿಗರು ನೋಡಲೇಬೇಕಾದ ಐದು ಸ್ಥಳಗಳನ್ನು ಆರಿಸಬೇಕು, ಚಿತ್ರ ಅಂಟಿಸಬೇಕು, ಒಂದೊಂದರ ಬಗ್ಗೆ ಹತ್ತು ಸಾಲು ಬರೆಯಬೇಕು.

"ನಾನಾ, ನೀವು ಸಮಾಜ ಪಾಠದ ಮೇಷ್ಟ್ರಾಗಿದ್ದವರು. ಐದು ಹೆಸರು ಹೇಳಿಬಿಡಿ, ಮಿಕ್ಕದ್ದು ನಾನು ನೋಡ್ಕೋತೀನಿ" ಎಂದಳು.

ಹೆಸರು ಹೇಳುವುದೇನು ಕಷ್ಟ? ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಹಾರನಹಳ್ಳಿ, ನಮ್ಮೂರಿನ ಶಿವಾಲಯ. ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಆದರೆ ನೋಡದೇ ಇರುವುದನ್ನು "ನೋಡಲೇಬೇಕು" ಎಂದು ಬರೆಯುವುದು ಸುಳ್ಳಲ್ಲವೇ? ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಹಾರನಹಳ್ಳಿ ದಾಟಿ ಜಾವಗಲ್ ಬಂದಾಗ "ಇದು ಕ್ರಿಕೆಟಿಗ ಶ್ರೀನಾಥ್ ಹೆಸರಿನ ಜೊತೆಗಿರುವ ಜಾವಗಲ್" ಎಂದೆ. ಅವಳು ಕಿಟಕಿಯಿಂದ ತಲೆ ಹೊರಹಾಕಿ ನೋಡಿದಳು. ಅಲ್ಲಿಂದ ಮುಂದೆ ಹಳೇಬೀಡು.

ಹೊಯ್ಸಳೇಶ್ವರ ದೇವಾಲಯದ ಮುಂದೆ ಆ ದಿನ ಜನವೋ ಜನ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಾವು ಗುಡಿಯ ಸುತ್ತ ನಿಧಾನವಾಗಿ ನಡೆದೆವು. ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ, ಕೇತಮಲ್ಲನೆಂಬ ಅಧಿಕಾರಿ ಕಟ್ಟಿಸಿದ ಜೋಡಿ ಗುಡಿ ಇದು. ಕೆಳಗಿನ ಸಾಲಿನಲ್ಲಿ ಆನೆಗಳು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ರಾಮಾಯಣ ಮಹಾಭಾರತದ ಕತೆಗಳು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ, ಅದಕ್ಕೇ ಇಷ್ಟು ನವಿರಾದ ಕೆಲಸ ಸಾಧ್ಯವಾಯಿತು ಎಂದು ಹೇಳುತ್ತಿದ್ದೆ. ಅವಳು ಆನೆಗಳನ್ನು ಎಣಿಸಲು ಶುರುಮಾಡಿ ನೂರರ ಹತ್ತಿರ ಸೋತಳು.

ಆಗಲೇ ಆ ಮಾತು ಕಿವಿಗೆ ಬಿತ್ತು. ನಮ್ಮ ಪಕ್ಕದಲ್ಲಿ ಒಂದು ಪ್ರವಾಸಿ ತಂಡಕ್ಕೆ ಗೈಡ್ ಒಬ್ಬರು ವಿವರಿಸುತ್ತಿದ್ದರು. ಕೈ ಮುರಿದ, ಮೂಗು ಹೋದ ಒಂದು ಶಿಲ್ಪ ತೋರಿಸಿ, "ಇದೆಲ್ಲ ಮುಸಲ್ಮಾನರು ಒಡೆದಿದ್ದು ಸಾರ್" ಎಂದರು. ತಂಡದಲ್ಲಿ ಇಬ್ಬರು ಮೂವರು ತಿರುಗಿ ನಮ್ಮತ್ತ ನೋಡಿದರು. ನನ್ನ ಗಡ್ಡ, ಟೋಪಿ. ಮೊಮ್ಮಗಳ ತಲೆಯ ಮೇಲೆ ದುಪಟ್ಟಾ. ಗೈಡ್ ಕೂಡ ನಮ್ಮನ್ನು ಕಂಡು ಸ್ವಲ್ಪ ಗಲಿಬಿಲಿಯಾಗಿ ಮುಂದಕ್ಕೆ ನಡೆದುಬಿಟ್ಟರು. ಅವರೇನೂ ಕೆಟ್ಟ ಮನುಷ್ಯರಿರಲಿಕ್ಕಿಲ್ಲ. ದಿನಕ್ಕೆ ಹತ್ತು ಸಲ ಹೇಳುವ ಮಾತು, ಅಂದೂ ಹೇಳಿದರು.

ಮೊಮ್ಮಗಳು ಸ್ವಲ್ಪ ದೂರ ಮಾತಾಡದೆ ನಡೆದಳು. ನಂದಿ ಮಂಟಪದ ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು: "ನಾನಾ, ನಾವಾ ಒಡೆದಿದ್ದು?"

ಮೂವತ್ತು ವರ್ಷ ಪಾಠ ಹೇಳಿದವನು ನಾನು. ಈ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕಿತ್ತು. ಇರಲಿಲ್ಲ. ನಿಜ ಹೇಳಬೇಕೆಂದರೆ ನಾನು ಈ ಪ್ರಶ್ನೆಯಿಂದ ಮೂವತ್ತು ವರ್ಷ ತಪ್ಪಿಸಿಕೊಂಡು ಓಡಾಡಿದವನು. ತರಗತಿಯಲ್ಲಿ 1311ರ ಮಲಿಕ್ ಕಾಫೂರನ ದಾಳಿ ಬಂದಾಗ ಆ ಪುಟವನ್ನು ಬೇಗ ಬೇಗ ಓದಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಹಿಂದಿನ ಬೆಂಚಿನ ಹುಡುಗರು ನನ್ನ ಮುಖ ನೋಡುತ್ತಾರೇನೋ ಎಂಬ ಅಳುಕು. ಮಕ್ಕಳನ್ನು ಪ್ರವಾಸಕ್ಕೆ ಕರೆತಂದಾಗಲೂ ಆನೆ, ಕುದುರೆ, ಶಿಲಾಬಾಲಿಕೆ ಎಂದು ಹೇಳಿ ಬಸ್ಸು ಹತ್ತಿಸುತ್ತಿದ್ದೆ. ಅಳುಕಿನಿಂದ ಸುಮ್ಮನಿದ್ದವನ ಮೌನವೂ ಒಂದು ಬಗೆಯ ತಪ್ಪೊಪ್ಪಿಗೆಯಂತೆ ಕಾಣುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

"ಬಾ, ಇನ್ನೊಂದು ಜಾಗ ಇದೆ. ಅಲ್ಲಿ ಹೇಳ್ತೀನಿ" ಎಂದೆ.

ಹೊಯ್ಸಳೇಶ್ವರ ಗುಡಿಯಿಂದ ಸುಮಾರು ಅರ್ಧ ಕಿಲೋಮೀಟರ್ ನಡೆದರೆ ಬಸ್ತಿಹಳ್ಳಿ. ದೊಡ್ಡ ಗುಡಿ ನೋಡಿದ ಹೆಚ್ಚಿನವರು ಬೇಲೂರಿನ ಕಡೆಗೆ ಗಾಡಿ ತಿರುಗಿಸುತ್ತಾರೆ, ಇಲ್ಲಿಗೆ ಬರುವವರು ಕಡಿಮೆ. ಒಂದೇ ಆವರಣದಲ್ಲಿ ಮೂರು ಜೈನ ಬಸದಿಗಳು. ಒಂದು ಕಡೆ ಪಾರ್ಶ್ವನಾಥ, ಇನ್ನೊಂದು ಕಡೆ ಶಾಂತಿನಾಥ, ನಡುವೆ ಚಿಕ್ಕದಾದ ಆದಿನಾಥ ಬಸದಿ. ಹೊರಗೋಡೆಯ ಮೇಲೆ ಆನೆಯೂ ಇಲ್ಲ, ಕುದುರೆಯೂ ಇಲ್ಲ. ಈಗಷ್ಟೇ ಹೊಯ್ಸಳೇಶ್ವರ ನೋಡಿ ಬಂದ ಕಣ್ಣಿಗೆ ಇದು ಬರೀ ಕಲ್ಲಿನ ಮನೆಯಂತೆ ಕಾಣುತ್ತದೆ. "ಏನೂ ಇಲ್ವಲ್ಲ ನಾನಾ" ಎಂದಳು ಮೊಮ್ಮಗಳು.

ಒಳಗೆ ಹೋದಮೇಲೆ ಅವಳ ಮಾತು ನಿಂತಿತು. ಪಾರ್ಶ್ವನಾಥ ಬಸದಿಯ ಗರ್ಭಗುಡಿಯಲ್ಲಿ ಎತ್ತರದ ಪಾರ್ಶ್ವನಾಥ ನಿಂತಿದ್ದಾನೆ, ತಲೆಯ ಮೇಲೆ ಹಾವಿನ ಹೆಡೆ. ನವರಂಗದಲ್ಲಿ ತಿರುಗಣೆಗೆ ಹಾಕಿ ಕಡೆದ, ಉಜ್ಜಿ ಉಜ್ಜಿ ಹೊಳಪು ಕೊಟ್ಟ ಕಪ್ಪು ಕಂಬಗಳು. ಅಲ್ಲಿದ್ದ ಕಾವಲಿನ ಹಿರಿಯರು ಅವಳನ್ನು ಕರೆದು, "ಇಲ್ಲಿ ನಿಂತ್ಕೊಳಮ್ಮ, ಈಗ ನೋಡು" ಎಂದರು. ಕಲ್ಲಿನ ಕಂಬದಲ್ಲಿ ಅವಳ ಮುಖ ನೀಳವಾಗಿ ಮೂಡಿತ್ತು. ಸುಮಾರು ಒಂಬತ್ತು ನೂರು ವರ್ಷಗಳಾದರೂ ಹೊಳಪು ಮಾಸಿಲ್ಲ. ಹುಡುಗಿ ಖುಷಿಯಿಂದ ನಕ್ಕಳು. ಬೆಳಗಿನ ಆ ಮಾತಿನ ನಂತರ ಅವಳು ನಕ್ಕದ್ದು ಅದೇ ಮೊದಲು.

ಕಂಬದ ಬುಡದಲ್ಲಿ ಕೂತು ಕತೆ ಹೇಳಿದೆ. ಈ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪ. ಅವನ ತಂದೆ ಗಂಗರಾಜ ವಿಷ್ಣುವರ್ಧನನ ದಂಡನಾಯಕ. ತೀರಿಕೊಂಡ ತಂದೆಯ ನೆನಪಿಗೆ ಮಗ ಕಟ್ಟಿಸಿದ ಬಸದಿ ಇದು. ಪ್ರತಿಷ್ಠೆಯಾದ ಮೇಲೆ ಪೂಜಾರಿಗಳು ಪ್ರಸಾದವನ್ನು ಬಂಕಾಪುರದಲ್ಲಿದ್ದ ರಾಜನಿಗೆ ಒಯ್ದರು. ಅವನು ಯುದ್ಧ ಗೆದ್ದಿದ್ದ, ಮಗ ಹುಟ್ಟಿದ ಸುದ್ದಿಯೂ ಅದೇ ಹೊತ್ತಿಗೆ ಬಂದಿತ್ತು. ವಿಷ್ಣುವಿನ ಭಕ್ತನಾದ ರಾಜ ಜಿನನ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿ, ಈ ದೇವರಿಗೆ ವಿಜಯ ಪಾರ್ಶ್ವನಾಥ ಎಂದು ಹೆಸರಿಟ್ಟ, ಮಗನಿಗೆ ವಿಜಯ ನರಸಿಂಹ ಎಂದು ಹೆಸರಿಟ್ಟ. ಶಾಸನ ಹೇಳುವ ಕತೆ ಇದು.

"ಇನ್ನೊಂದು ಶಾಸನವಿದೆ. ಅದು ಐನೂರು ವರ್ಷ ಆದಮೇಲಿನದು. ಆಗ ಹೊಯ್ಸಳರೂ ಇಲ್ಲ, ವಿಜಯನಗರದ ವೈಭವವೂ ಇಲ್ಲ. ಬೇಲೂರಿನಲ್ಲಿ ವೆಂಕಟಾದ್ರಿ ನಾಯಕ ಆಳುತ್ತಿದ್ದ" ಎಂದೆ.

1638ರ ಆ ಶಾಸನವನ್ನು ಬಿ.ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಹುಚ್ಚಪ್ಪದೇವ ಎಂಬ ವೀರಶೈವರೊಬ್ಬರು ಈ ಬಸದಿಯ ಕಂಬಗಳ ಮೇಲೆ ಲಿಂಗದ ಮುದ್ರೆ ಒತ್ತಿದರು. ವಿಜಯಪ್ಪ ಎಂಬ ಜೈನರು ಅದನ್ನು ಅಳಿಸಿದರು. ಈಗ ಊಹಿಸಿಕೊಳ್ಳಿ, ಇಂತಹದ್ದು ಇವತ್ತು ನಡೆದರೆ ಏನಾಗುತ್ತಿತ್ತು? ಅಂದೂ ಜಗಳ ಹೊತ್ತಿಕೊಳ್ಳಬಹುದಿತ್ತು. ಜೈನ ಪ್ರಮುಖರು ವೀರಶೈವರ ಹಿರಿಯರ ಬಳಿಗೇ ಹೋಗಿ ನ್ಯಾಯ ಕೇಳಿದರು. ಆ ಹಿರಿಯರು ಸೇರಿ ಕೊಟ್ಟ ತೀರ್ಪು ಹೀಗಿತ್ತು: ಜೈನರು ಮೊದಲು ವಿಭೂತಿ ವೀಳ್ಯ ಕೊಡಿಸಲಿ, ಆಮೇಲೆ ವಿಜಯ ಪಾರ್ಶ್ವನಾಥನ ಪೂಜೆ, ಅಭಿಷೇಕ, ದೀಪಾರಾಧನೆ ಎಲ್ಲವನ್ನೂ ಹಿಂದಿನಿಂದ ನಡೆದುಬಂದಂತೆ, ಸೂರ್ಯಚಂದ್ರರು ಇರುವವರೆಗೂ ನಡೆಸಿಕೊಂಡು ಹೋಗಲಿ. ಈ ಜಿನಧರ್ಮಕ್ಕೆ ಅಡ್ಡಿ ಮಾಡುವವನು ಶಿವನಿಗೂ ಜಂಗಮರಿಗೂ ದ್ರೋಹಿ, ವಿಭೂತಿ ರುದ್ರಾಕ್ಷಿಗೆ ಅವನು ಹೊರಗು. ಇದನ್ನು ಕಲ್ಲಿನಲ್ಲಿ ಬರೆಸಿಯೂ ಇಟ್ಟರು.

ಮೊಮ್ಮಗಳು ಸ್ವಲ್ಪ ಹೊತ್ತು ಯೋಚಿಸಿ, "ಆದ್ರೆ ನಾನಾ, ಜೈನರೇ ಸ್ವಲ್ಪ ಬಗ್ಗಬೇಕಾಯ್ತಲ್ಲ? ಅವರ ಗುಡಿ, ಅವರು ಮೊದಲು ವಿಭೂತಿ ಯಾಕೆ ಕೊಡಬೇಕು?" ಎಂದಳು.

ಸರಿಯಾದ ಪ್ರಶ್ನೆ. ಬಲವಿದ್ದವರ ಮಾತು ಮೇಲಾದದ್ದು ನಿಜ. ಪೂರ್ತಿ ನ್ಯಾಯ ಅಂತ ನಾನೂ ಹೇಳುವುದಿಲ್ಲ. 1368ರಲ್ಲಿ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ರಾಜಿ ಮಾಡಿಸಿದ ಶಾಸನ ಇದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿದೆ. ಅಲ್ಲಿ ನ್ಯಾಯ ಹೇಳಿದವನು ರಾಜ. ಇಲ್ಲಿ ಹೇಳಿದವರು ತಪ್ಪು ಮಾಡಿದವನ ಕಡೆಯ ಹಿರಿಯರೇ. ನಮ್ಮವನು ಅಂತ ಅವನನ್ನು ಸಮರ್ಥಿಸಲಿಲ್ಲ. ಹಾಗೆ ಮತ್ತೆ ಮಾಡುವವನು ನಮ್ಮ ಧರ್ಮಕ್ಕೇ ದ್ರೋಹಿ ಎಂದರು. ಈ ಮಾತು ಬೇರೆಯವರು ಹೇಳಿದ್ದರೆ ಜಗಳ ಬೆಳೆಯುತ್ತಿತ್ತು. ಅವರೇ ಹೇಳಿದ್ದರಿಂದ ಬಸದಿ ಉಳಿಯಿತು.

ಆಮೇಲೆ ಅವಳ ಬೆಳಗಿನ ಪ್ರಶ್ನೆಗೆ ಬಂದೆ. ಹೌದು, 1311ರಲ್ಲಿ ದಿಲ್ಲಿಯ ಅಲಾವುದ್ದೀನ್ ಖಿಲ್ಜಿಯ ಸೇನಾಪತಿ ಮಲಿಕ್ ಕಾಫೂರ್ ಈ ಊರಿಗೆ, ಅಂದಿನ ದೋರಸಮುದ್ರಕ್ಕೆ, ಸೈನ್ಯ ತಂದ. ಮೂರನೇ ಬಲ್ಲಾಳ ಅಪಾರ ಸಂಪತ್ತು ಒಪ್ಪಿಸಬೇಕಾಯಿತು. ಮುಂದೆ ಮುಹಮ್ಮದ್ ಬಿನ್ ತುಘಲಕನ ಕಾಲದಲ್ಲಿ ಮತ್ತೆ ದಾಳಿಯಾಯಿತು. ರಾಜಧಾನಿ ಹಾಳುಬಿತ್ತು, ಹಳೆಯ ಬೀಡಾಯಿತು. ಅದು ಲೂಟಿ, ಅದು ತಪ್ಪು. ಹಾಗೆ ಹೇಳಲು ನನಗೆ ಅಳುಕಬೇಕಾದ ಕಾರಣವಿಲ್ಲ, ಯಾಕೆಂದರೆ ಅದನ್ನು ಮಾಡಿದವನು ನಾನಲ್ಲ, ನೀನಲ್ಲ. ಅರಸೀಕೆರೆಯ ಸಂತೆಯಲ್ಲಿ ತೆಂಗಿನಕಾಯಿ ಮಾರುತ್ತಿದ್ದ ನಿನ್ನ ಮುತ್ತಜ್ಜನೂ ಅಲ್ಲ. ಹಾಗೆಂದು ಮುರಿದ ಪ್ರತಿ ಬೆರಳನ್ನೂ ಆ ಒಂದು ದಾಳಿಯ ಲೆಕ್ಕಕ್ಕೇ ಬರೆಯುವುದೂ ಸರಿಯಲ್ಲ. ಇಲ್ಲೇ ಹತ್ತಿರದ ಕೇದಾರೇಶ್ವರ ಗುಡಿಯ ಶಿಖರ ಹಾಳಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಅದರ ಮೇಲೆ ಬೇರುಬಿಟ್ಟ ಮರದಿಂದ. ಏಳು ನೂರು ವರ್ಷಗಳ ಮಳೆ, ಗಿಡಗಂಟಿ, ನೋಡುವವರಿಲ್ಲದ ದಿನಗಳು ಎಲ್ಲವೂ ತಮ್ಮ ಪಾಲಿನ ಕೆಲಸ ಮಾಡಿವೆ.

ಬಲ್ಲಾಳನ ಕತೆ ಅಲ್ಲಿಗೇ ಮುಗಿಯುವುದಿಲ್ಲ. ಮುದುಕನಾದ ಮೇಲೂ ಅವನು ಮದುರೆಯ ಸುಲ್ತಾನನೊಡನೆ ಯುದ್ಧಕ್ಕೆ ಹೋದ. ಅವನ ಸೈನ್ಯದಲ್ಲಿ ಇಪ್ಪತ್ತು ಸಾವಿರದಷ್ಟು ಮುಸ್ಲಿಮರೂ ಇದ್ದರೆಂದು ಪ್ರವಾಸಿ ಇಬ್ನ್ ಬತೂತಾ ಬರೆಯುತ್ತಾನೆ, ಅವರ ಬಗ್ಗೆ ಒಳ್ಳೆಯ ಮಾತೇನೂ ಆಡುವುದಿಲ್ಲ. ಎಂಬತ್ತು ದಾಟಿದ ಬಲ್ಲಾಳ ಸೆರೆಸಿಕ್ಕ. ಸುಲ್ತಾನ ಗಿಯಾಸುದ್ದೀನ್ ಅವನ ಸಂಪತ್ತೆಲ್ಲ ಕಿತ್ತುಕೊಂಡು ಕೊಲ್ಲಿಸಿ, ಚರ್ಮ ಸುಲಿಸಿ, ಹುಲ್ಲು ತುಂಬಿಸಿ ಮದುರೆಯ ಕೋಟೆಗೋಡೆಗೆ ನೇತುಹಾಕಿಸಿದ. ಅದನ್ನು ತಾನೇ ಕಣ್ಣಾರೆ ಕಂಡೆನೆಂದು ಇಬ್ನ್ ಬತೂತಾ ಮುಚ್ಚಿಡದೆ ಬರೆದ. ಆ ಸುಲ್ತಾನ ಅವನಿಗೆ ಪರಕೀಯನಲ್ಲ, ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾಗಿದ್ದ ಷಡ್ಡಕ. ಅದೇ ಸುಲ್ತಾನ ಬೇರೊಂದು ಕಡೆ ಹೆಂಗಸರು ಮಕ್ಕಳನ್ನು ಕೊಲ್ಲಿಸಿದ್ದನ್ನು ಹೇಳುವಾಗ, ಇಂತಹ ಹೇಯ ಕೃತ್ಯವನ್ನು ಯಾವ ರಾಜನೂ ಮಾಡಿದ್ದನ್ನು ತಾನು ಕಂಡಿಲ್ಲ, ಅದಕ್ಕಾಗಿಯೇ ಅಲ್ಲಾಹನು ಅವನಿಗೆ ಬೇಗ ಸಾವು ತಂದ ಎಂದೂ ಬರೆದ.

"ನೋಡು, ಹುಚ್ಚಪ್ಪದೇವನ ತಪ್ಪನ್ನು ತಪ್ಪು ಎಂದವರು ವೀರಶೈವ ಹಿರಿಯರು. ಗಿಯಾಸುದ್ದೀನನ ತಪ್ಪನ್ನು ತಪ್ಪು ಎಂದವನು ಒಬ್ಬ ಮುಸ್ಲಿಮ್ ಕಾಜಿ, ಅದೂ ಅವನ ನೆಂಟ. ಎಲ್ಲ ಕಾಲದಲ್ಲೂ ಎರಡೂ ಬಗೆಯವರು ಇದ್ದರು. ನಾವು ಯಾರ ಮಕ್ಕಳು ಅಂತ ಹೇಳಿಕೊಳ್ಳೋದು ನಮ್ಮ ಕೈಯಲ್ಲಿದೆ" ಎಂದೆ.

ಅವಳು ಎದ್ದು ಒಂದೊಂದು ಕಂಬವನ್ನೂ ಹತ್ತಿರದಿಂದ ನೋಡತೊಡಗಿದಳು. "ಏನು ಹುಡುಕ್ತಾ ಇದೀಯಮ್ಮಾ?" ಎಂದು ಕಾವಲಿನ ಹಿರಿಯರು ಕೇಳಿದರು. "ಲಿಂಗದ ಮುದ್ರೆ ಅಳಿಸಿದ ಗುರುತು ತಾತ" ಎಂದಳು. ಅವರು ನಕ್ಕು, "ನಿನ್ನ ಮುಖ ಕಾಣ್ತಾ ಇದೆಯಲ್ಲ, ಅಷ್ಟು ಸಾಕು ಬಿಡು" ಎಂದರು. ಬಿಸಿಲು ಹೆಚ್ಚಾಗಿತ್ತು. ಹೊರಡುವಾಗ ನಮಗಿಬ್ಬರಿಗೂ ಕುಡಿಯಲು ತಮ್ಮ ತಂಬಿಗೆಯ ನೀರು ಕೊಟ್ಟರು.

ಮನೆಗೆ ಬಂದ ಮೇಲೆ ಮೊಮ್ಮಗಳು ಪ್ರಾಜೆಕ್ಟ್ ಬರೆಯಲು ಕೂತಳು. ನಾನು ಹೇಳಿದ್ದ ಪಟ್ಟಿಯನ್ನು ತಿದ್ದಿ, ಬಸ್ತಿಹಳ್ಳಿಯನ್ನು ಮೊದಲನೆಯದಾಗಿ ಬರೆದಿದ್ದಳು. "ಬೇಲೂರನ್ನು ಎರಡಕ್ಕೆ ಇಳಿಸಿದೀಯಲ್ಲ, ಟೀಚರ್ ಒಪ್ತಾರಾ?" ಎಂದು ತಮಾಷೆ ಮಾಡಿದೆ. "ಬೇರೆ ಎಲ್ಲಾ ಕಡೆ ಶಿಲ್ಪ ನೋಡಬಹುದು ನಾನಾ, ಇಲ್ಲಿ ನಮ್ಮನ್ನೂ ನೋಡ್ಕೋಬಹುದು" ಎಂದಳು. ಅವಳ ಹತ್ತು ಸಾಲಿನಲ್ಲಿ 1638 ಇತ್ತು. 1311 ಕೂಡ ಇತ್ತು. ಅದನ್ನು ಬಿಟ್ಟುಬಿಡು ಎಂದು ನಾನು ಹೇಳಲಿಲ್ಲ. ಮೇಷ್ಟ್ರಾಗಿದ್ದಾಗ ನಾನು ಬೇಗ ಬೇಗ ಮಗುಚಿಹಾಕುತ್ತಿದ್ದ ಪುಟವನ್ನು ನನ್ನ ಮೊಮ್ಮಗಳು ನಿಧಾನವಾಗಿ, ದುಂಡು ಅಕ್ಷರದಲ್ಲಿ ಬರೆದಿದ್ದಳು.

ಹಳೇಬೀಡಿಗೆ ಬರುವವರಿಗೆ ನನ್ನದೊಂದು ವಿನಂತಿ. ದೊಡ್ಡ ಗುಡಿ ನೋಡಿದ ಮೇಲೆ ಅರ್ಧ ಗಂಟೆ ಮಿಗಿಸಿಕೊಳ್ಳಿ. ಬಿಸಿಲಿಳಿದ ಮೇಲೆ ನಡೆದುಕೊಂಡೇ ಬಸ್ತಿಹಳ್ಳಿಗೆ ಹೋಗಿ. ಮಕ್ಕಳನ್ನು ಆ ಕಂಬದ ಮುಂದೆ ನಿಲ್ಲಿಸಿ, ಅದರ ಮೇಲೆ ಒಮ್ಮೆ ನಡೆದ ಜಗಳವನ್ನೂ ಅದು ತೀರಿದ ಬಗೆಯನ್ನೂ ಹೇಳಿ. ನಿಮ್ಮ ಗೈಡ್ ಹೇಳದಿದ್ದರೆ ನೀವೇ ಹೇಳಿ.